ಬಂದೆ

ಲಗ್ಗೆರೆ ಸೇತುವೆ ಇಳಿದ ಕೂಡಲೇ ಎಡಕ್ಕೆ ಪಂಕ್ಚರ್ ಅಂಗಡಿ,
ಅದರ ತಲೆಯ ಮೇಲೆ ನಮ್ಮ ಸಂಜೆ ಏಳರ ಬ್ಯಾಚು.
ಕೆಳಗೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾರೆ,
ಮೇಲೆ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ:
ಟುಮಾರೋ.

ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ, ಅಂದೆ.
ಕಟ್ಟಿದ ಫೀಸು ವಾಪಸು ಕೇಳುವವರ ಹಾಗೆ ನೋಡಿದರು.
ಕ್ರಿಯಾಪದಕ್ಕೆ ಹಚ್ಚಲು ಅದರ ಬಳಿ ನಾಳೆಯ ಬಾಲವಿಲ್ಲ,
ಕೈಗಡ ತರುತ್ತದೆ ಪಾಪ,
ಬೇಕೆನ್ನುವ ಆಸೆಯ ಮನೆಯಿಂದ ವಿಲ್,
ತೀರಿಸಬೇಕಾದ ಸಾಲದ ಮನೆಯಿಂದ ಶಲ್,
ದಾರಿಯಲ್ಲಿ ನಡೆಯುತ್ತಿದ್ದ ಕಾಲುಗಳಿಂದ ಗೋಯಿಂಗ್ ಟು.

ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಕೊಡೆ ಬಿಚ್ಚಿ ಟೈಪು ಹೊಡೆಯುವ ಗಂಗಬೈರಪ್ಪ ನಕ್ಕರು:
ವಿಲ್ಲು ನನಗೆ ಗೊತ್ತು ಮೇಡಂ, ದಿನಕ್ಕೆ ಎರಡು ಮಾಡ್ತೀನಿ.
ಅದು ಜಾರಿಗೆ ಬರೋ ಹೊತ್ತಿಗೆ
ಬರೆಸಿದೋನು ಇರಲ್ಲ, ಸೈಟು ಇರುತ್ತೆ.

ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ.
ಇದಕ್ಕಿಂತ ಒಳ್ಳೆಯ ಉದಾಹರಣೆ ಇವತ್ತಿಗೂ ಸಿಕ್ಕಿಲ್ಲ.

ಮಳೆ ಬರೋ ಹಾಗಿದೆ ಅನ್ನಿಸಿದರೆ ಗೋಯಿಂಗ್ ಟು.
ಟಿಕೆಟ್ಟು ಜೇಬಿನಲ್ಲಿದ್ದರೆ ಐ ಆ್ಯಮ್ ಲೀವಿಂಗ್.
ವೇಳಾಪಟ್ಟಿಗೆ ಮಾತ್ರ ಸಾದಾ ವರ್ತಮಾನ ಸಾಕು:
ದಿ ಬಸ್ ಲೀವ್ಸ್ ಅಟ್ ಸೆವೆನ್.
ಯಾವ ಬಸ್ಸು ಮೇಡಂ ಅದು, ಅಂದ ಇದಾಯತ್.
ಕ್ಲಾಸು ಘೊಳ್ಳೆಂದಿತು.
ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ; ಅವನು ಕಂಡಕ್ಟರು.

ಮುನಿಚೌಡಮ್ಮ ನಗಲಿಲ್ಲ.
ಬೆಳಗಿನ ಐದೂವರೆಗೆ ಹದಿನೇಳನೇ ಕ್ರಾಸು ಗುಡಿಸುವವಳು,
ಮೊಮ್ಮಗಳ ಡೈರಿಗೆ ಸಹಿ ಹಾಕುವ ಮೊದಲು
ಏನು ಬರೆದಿದೆಯೆಂದು ಗೊತ್ತಿರಬೇಕು, ಅಷ್ಟಕ್ಕೇ ಸೇರಿದವಳು.
ಕೈಯೆತ್ತಿದಳು.
ಖಾಯಂ ಮಾಡ್ತೀವಿ ಅಂತ ಆಫೀಸಲ್ಲಿ ಹೇಳಿ ಹನ್ನೊಂದು ವರ್ಷ.
ಕೇಳಿದಾಗೆಲ್ಲ ಆಗುತ್ತೆ, ಆಗುತ್ತೆ ಅಂತಾರೆ.
ಆ ಆಗುತ್ತೆ
ಇಂಗ್ಲಿಷಲ್ಲಿ ಯಾವುದು, ಈ ಮೂರರಲ್ಲಿ?

ಸೀಮೆಸುಣ್ಣ ಹಿಡಿದು ನಿಂತೆ.
ವಿಲ್ ಅನ್ನೋಣವೆಂದರೆ, ಯಾರ ಆಸೆ ಅದು?
ಗೋಯಿಂಗ್ ಟು ಅನ್ನಲು ಎಲ್ಲೂ ಮೋಡವಿಲ್ಲ.
ವೇಳಾಪಟ್ಟಿ ಇದ್ದಿದ್ದರೆ ಅವಳು ನನ್ನನ್ನೇಕೆ ಕೇಳುತ್ತಿದ್ದಳು.

ಕನ್ನಡದಲ್ಲೂ ತಡಕಾಡಿದೆ.
ದಿನಾ ಆಗುವುದಕ್ಕೂ ಆಗುತ್ತೆ,
ಎಂದೂ ಆಗದ್ದಕ್ಕೂ ಅದೇ ಆಗುತ್ತೆ.
ಶಾಲೆಯಲ್ಲಿ ಬಾಯಿಪಾಠ ಮಾಡಿದ ಆಗುವುದು
ಪುಸ್ತಕದ ಹೊಸ್ತಿಲು ದಾಟಿ ಬೀದಿಗೆ ಇಳಿಯಲೇ ಇಲ್ಲ.
ಆದೀತು ಅಂತ ಒಂದಿದೆ.
ಹಾಲು ಉಕ್ಕೀತು, ನೋಡೇ, ಅನ್ನುತ್ತಿದ್ದಳು ಅಜ್ಜಿ;
ಆಸೆ ಇರಲಿಲ್ಲ ಅದರಲ್ಲಿ, ಒಲೆಯ ಮೇಲಿಟ್ಟ ಕಣ್ಣಿತ್ತು.
ಮೈಟ್ ಎಂದು ಬರೆದೆ. ಅಳಿಸಿದೆ.

ನಾಳೆ ಹೇಳ್ತೀನಿ ಮುನಿಚೌಡಮ್ಮ, ಅಂದೆ.
ಅಂದ ಮೇಲೆ ಕಿವಿಗೆ ಬಿತ್ತು,
ಆ ಆಫೀಸಿನ ಮೇಜಿನ ಹಿಂದೆ ಕೂತವಳ ದನಿ, ನನ್ನದೇ ಬಾಯಲ್ಲಿ.

ಮರುದಿನ ಏಳೂ ಹತ್ತು. ಬಾಗಿಲ ಪಕ್ಕದ ಕುರ್ಚಿ ಖಾಲಿ.
ರಾತ್ರಿಯೆಲ್ಲ ವ್ಯಾಕರಣ ಮಗುಚಿ ತಂದಿದ್ದ ಉತ್ತರ
ಕೈಚೀಲದಲ್ಲಿತ್ತು, ಸ್ವಲ್ಪ ಸುಳ್ಳು ಬೆರೆತದ್ದು.
ಫೋನು ಮಾಡಿದೆ.
ಲಾರಿ ಹಾರನ್ನುಗಳ ನಡುವೆ ಅವಳು ಕೂಗಿದಳು:
ಬಂದೆ ಮೇಡಂ, ಬಂದ್ಬಿಟ್ಟೆ,
ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿದೀನಿ!

ಬೋರ್ಡಿನ ಕಡೆ ತಿರುಗಿದವಳು ತಿರುಗಿದಂತೆಯೇ ನಿಂತೆ.
ದಾರಿ ಇನ್ನೂ ಅರ್ಧ ಉಳಿದಿದೆ, ಸಿಗ್ನಲ್ಲು ಕೆಂಪು,
ಬಸ್ಸು ಅಲುಗುತ್ತಿಲ್ಲ. ಆದರೂ ಬಂದೆ.
ಭೂತಕಾಲ, ಏಕವಚನ, ಉತ್ತಮ ಪುರುಷ.
ಇದಕ್ಕೆ ನನ್ನ ಪುಸ್ತಕದಲ್ಲಿ ಪಾಠವಿಲ್ಲ.

ಯಾರೂ ಏನೂ ಹೇಳಲಿಲ್ಲ.
ಗಂಗಬೈರಪ್ಪ ಎದ್ದು ಹೋಗಿ
ಆ ಕುರ್ಚಿಯ ಮೇಲೆ ಒಣಗಲು ಇಟ್ಟಿದ್ದ ತಮ್ಮ ಕೊಡೆ ತೆಗೆದು
ಅಂಗೈಯಿಂದ ನೀರು ಒರೆಸಿದರು.